ಎಕ್ಸ್‌ರೇಗೆ ಕಾಣದ ಎಡಭುಜ

ಬಸ್ಸು ಗಕ್ಕನೆ ಬ್ರೇಕ್ ಹಾಕಿತು. ನಾನು ಎಡಗೈಯಲ್ಲಿ ಮೇಲಿನ ಕಂಬಿ ಹಿಡಿದು ನಿಂತಿದ್ದೆ. ಬಲಗೈಯಲ್ಲಿ ಮಕ್ಕಳ ಉತ್ತರಪತ್ರಿಕೆಗಳ ಚೀಲ. ಮೈ ಮುಂದೆ ಹೋಯಿತು, ಕೈ ಕಂಬಿಯಲ್ಲೇ ಉಳಿಯಿತು. ಭುಜದೊಳಗೆ ಹಳೇ ಬಟ್ಟೆ ಹರಿದಂಥ ಸದ್ದು.

ನೋವು ಆಮೇಲೆ ಬಂತು.

ಹರಿಹರದಿಂದ ದಾವಣಗೆರೆಗೆ ದಿನಾ ನಿಂತುಕೊಂಡೇ ಓಡಾಡುವವಳು ನಾನು. ನಿಟ್ಟುವಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಉಳುಕಿರಬೇಕು ಅಂದುಕೊಂಡು ಅವತ್ತು ಪೂರ್ತಿ ಪಾಠ ಮಾಡಿದೆ. ಬೋರ್ಡಿಗೆ ಬಲಗೈ ಸಾಕಲ್ಲ.

ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕುಳಿತೆ. ಕೊರಳಲ್ಲಿ ಕಟ್ಟಿಕೊಂಡ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡೆ. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ದೃಷ್ಟಿ ಅದರಲ್ಲೇ ನೆಡಬೇಕು. ಚಿಕ್ಕವಳಿದ್ದಾಗ ದೀಕ್ಷೆಯಾದಾಗಿನಿಂದ ಹಾಗೇ ಮಾಡಿಕೊಂಡು ಬಂದವಳು. ಕೈ ಎದೆಯವರೆಗೂ ಬರಲಿಲ್ಲ. ಅಂಗೈ ವಾಲಿತು. ಲಿಂಗ ಮಡಿಲಿಗೆ ಬಿತ್ತು.

ಎದುರಿಗೆ ತಮ್ಮ ಪೂಜೆಯಲ್ಲಿದ್ದ ಅತ್ತೆ ಕಣ್ಣು ಬಿಟ್ಟರು. ಅವರು ನೇಮದ ಮನುಷ್ಯರು. ವಿಭೂತಿಯ ಗೆರೆ ಕೊಂಚ ವಕ್ರವಾದರೂ ಅಳಿಸಿ ಮತ್ತೆ ಹಚ್ಚುವವರು. ನಾನು ಗಾಬರಿಯಿಂದ ಲಿಂಗವನ್ನು ಬಲಗೈಗೆ ತೆಗೆದುಕೊಂಡಿದ್ದೆ.

“ಬಲಗೈಲಿ ಹಿಡಿಬ್ಯಾಡ ಗಿರಿಜಾ. ಮೊದ್ಲು ಆ ಕೈ ತೋರಿಸ್ಕ್ಯಾಂಬಾ ಹೋಗು.”

ತೋರಿಸಿಕೊಂಡು ಬಂದೆ. ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, “ಮೂಳೆ ಚೆನ್ನಾಗೈತೆ, ಏನೂ ಆಗಿಲ್ಲ. ಫ್ರೋಜನ್ ಶೋಲ್ಡರ್ ಇರಬೇಕು, ಕೀಲು ಬಿಗಿದೈತೆ” ಅಂದರು. ಮಾತ್ರೆ, ವ್ಯಾಯಾಮ. ಬಾಗಿಲ ಮೇಲಿಂದ ಹಗ್ಗ ಇಳಿಬಿಟ್ಟು ಜಗ್ಗುವುದು, ಗೋಡೆಯ ಮೇಲೆ ಬೆರಳು ಹತ್ತಿಸುವುದು. ಹಲ್ಲು ಕಚ್ಚಿ ಮಾಡಿದೆ. ಏನೂ ಆಗಿಲ್ಲ ಅಂತ ಫಿಲ್ಮ್ ಹೇಳಿದ ಮೇಲೆ ನೋವಾಗುತ್ತಿದೆ ಎನ್ನಲು ನನಗೇ ಸಂಕೋಚ. ಸ್ಟಾಫ್ ರೂಮಿನಲ್ಲಿ, “ಟೀಚರ್‌ಗೆ ಮನೆಗೆಲಸ ತಪ್ಪಿಸ್ಕೊಳ್ಳೋ ಕಾಯಿಲೆ” ಅಂತ ನಕ್ಕರು. ನಾನೂ ನಕ್ಕೆ.

ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಆ ಕೆಲಸ ನಮ್ಮ ಯಜಮಾನರ ಪಾಲಿಗೆ ಬಂತು. ಹರಿಹರದ ಕಾರ್ಖಾನೆಯಲ್ಲಿ ಲೇತ್ ನಡೆಸಿ ನಿವೃತ್ತರಾದವರು. ಕಬ್ಬಿಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಸಹಿಸದವರಿಗೆ ಕೂದಲೇ ಬಗ್ಗಲಿಲ್ಲ. ಜಡೆ ದಿನಕ್ಕೊಂದು ಕಡೆ ವಾಲುತ್ತಿತ್ತು. ಪೂಜೆ ಮಾತ್ರ ಪೂಜೆಯಾಗಿ ಉಳಿಯಲಿಲ್ಲ. ಲಿಂಗವನ್ನು ಮಡಿಲಲ್ಲೇ ಇಟ್ಟು, ನೀರು ತೋರಿಸಿ, ತಿರುಗಿ ಕರಡಿಗೆಗೆ ಸೇರಿಸುತ್ತಿದ್ದೆ. ಕೈ ವಾಸಿಯಾದ ಮೇಲೆ ಸರಿಯಾಗಿ ಮಾಡಿದರಾಯಿತು ಅಂತ ಸಮಾಧಾನ. ಯುಗಾದಿ ಕಳೆದು ದಸರೆ ಬಂತು. ಕೈ ಏಳಲಿಲ್ಲ.

ದಾವಣಗೆರೆಯ ಇನ್ನೊಬ್ಬ ಡಾಕ್ಟರು ಎಕ್ಸ್‌ರೇ ಕವರ್ ಪಕ್ಕಕ್ಕಿಟ್ಟರು. ನನ್ನ ಕೈಯನ್ನು ತಾವೇ ಎತ್ತಿ ಹಿಡಿದು, “ಈಗ ಬಿಡ್ತೀನಿ, ಹಂಗೇ ಇಟ್ಕೊಳ್ರಿ” ಅಂದರು. ಬಿಟ್ಟರು.

ಕೈ ದಪ್ಪನೆ ತೊಡೆಯ ಮೇಲೆ ಬಿತ್ತು.

“ಇದು ಫ್ರೋಜನ್ ಅಲ್ಲ ಟೀಚರೇ. ಅದಾಗಿದ್ರೆ ನಾನು ಎತ್ತಿದ್ರೂ ಬರ್ತಿರಲಿಲ್ಲ. ಒಳಗೆ ಟೆಂಡನ್ ಹರಿದಿರ್ಬೇಕು, ಮಾಂಸಖಂಡನ ಮೂಳೆಗೆ ಕಟ್ಟೋ ನಾರು ಅದು. ಎಕ್ಸ್‌ರೇಲಿ ಮೂಳೆ ಕಾಣ್ತೈತೆ, ಟೆಂಡನ್ ಕಾಣಲ್ಲ.”

ಅಂದೇ ಅಲ್ಟ್ರಾಸೌಂಡ್ ಆಯಿತು. ಭುಜಕ್ಕೆ ತಣ್ಣನೆಯ ಜೆಲ್ ಹಚ್ಚಿದ ಲೇಡಿ ಡಾಕ್ಟರು, “ಸೆರಗು ಹಿಂದಕ್ಕೆ ತಂದು ಸೊಂಟಕ್ಕೆ ಸಿಗಿಸ್ತೀರಲ್ಲ, ಹಂಗೆ ಕೈ ಇಡ್ರಿ” ಅಂದರು. ಅಷ್ಟು ದೂರ ಹೋಗಲಿಲ್ಲ. ಹೋದಷ್ಟರಲ್ಲೇ ನೋಡಿದರು. ಸ್ಕ್ರೀನಿನ ಮೇಲೆ ಒಂದು ಕಪ್ಪು ಖಾಲಿ ಜಾಗ ತೋರಿಸಿ, “ಇಲ್ಲಿ ಟೆಂಡನ್ ಇರಬೇಕಿತ್ತು” ಎಂದರು. ಹೇಳಿದರೆ ವಿಚಿತ್ರ ಅನ್ನಿಸಬಹುದು, ನನಗೆ ಖುಷಿಯಾಯಿತು. ನೋವು ನನ್ನ ತಲೆಯೊಳಗಿನದಲ್ಲ, ಅದಕ್ಕೊಂದು ಜಾಗವಿದೆ.

ಹರಿದ ತುದಿ ಹತ್ತಿರದಲ್ಲೇ ಇದ್ದು ಮಾಂಸಖಂಡ ಚೆನ್ನಾಗಿದ್ದರೆ ಹೊಲಿಯಬಹುದು. ಅದನ್ನು ಎಂ.ಆರ್.ಐ. ಹೇಳಬೇಕು.

ಎಂ.ಆರ್.ಐ.ಗೆ ಅತ್ತೆಯೂ ಹಟ ಹಿಡಿದು ಬಂದರು. ಬಳೆ, ಕಾಲುಂಗುರ, ತಾಳಿ ಎಲ್ಲ ಯಜಮಾನರ ಕೈ ಸೇರಿದವು. ಟೆಕ್ನಿಷಿಯನ್ ನನ್ನ ಕೊರಳು ನೋಡಿದ.

“ಅದೂ ತೆಗಿಬೇಕು ಮೇಡಂ.”

ಲಿಂಗವನ್ನು ಮೈಯಿಂದ ಅಗಲಿಸಬಾರದು ಎಂದು ಎಲ್ಲರಿಗೂ ಹೇಳುತ್ತಾ ಬಂದವರು ಅತ್ತೆ. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

“ಕೊಡು ಇಲ್ಲಿ,” ಅಂದರು. ಎರಡೂ ಕೈಯಲ್ಲಿ ಕರಡಿಗೆ ತೆಗೆದುಕೊಂಡು ಸೆರಗು ಮುಚ್ಚಿದರು. “ನೀ ಬರಗಂಟ ಹಿಡ್ಕಂಡಿರ್ತೀನಿ. ಹೋಗು.”

ಮೆಷಿನ್ನಿನೊಳಗೆ ತಗಡು ಬಡಿದಂಥ ಸದ್ದು. ಅಲ್ಲಾಡಬಾರದು. ಭಯವಾಗಲಿಲ್ಲ, ಪ್ರಾರ್ಥನೆಯೂ ಬರಲಿಲ್ಲ. ಕೊರಳು ಬರಿದಾಗಿದೆ ಎನ್ನುವುದೊಂದೇ ಗೊತ್ತಾಗುತ್ತಿತ್ತು. ಹೊರಗೆ ಬಂದಾಗ ಅತ್ತೆ ಅದೇ ಬೆಂಚಿನ ಮೇಲೆ ಹಾಗೇ ಕುಳಿತಿದ್ದರು. ಪಕ್ಕದಲ್ಲಿ ಯಜಮಾನರು ತಂದಿಟ್ಟ ಚಹಾ ಕೆನೆಗಟ್ಟಿತ್ತು.

ರಿಪೋರ್ಟ್ ಬಂತು. ಡಾಕ್ಟರು ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದರು. “ತುದಿ ಬಹಳ ಹಿಂದಕ್ಕೆ ಸರಿದೈತೆ. ಈ ಕಪ್ಪಗಿರೋದು ಮಾಂಸಖಂಡ. ಮಧ್ಯೆ ಬೆಳ್ಳಗೆ ಗೆರೆ ಐತಲ್ಲ, ಅದೆಲ್ಲ ಕೊಬ್ಬು. ಹೊಲಿದ್ರೂ ನಿಲ್ಲಲ್ಲ.”

“ಮೊದ್ಲೇ ಬಂದಿದ್ರೆ ಹೊಲಿಬಹುದಿತ್ತೇನ್ರಿ?” ಯಜಮಾನರು ಕೇಳಿದರು.

ಡಾಕ್ಟರು ಮತ್ತೊಮ್ಮೆ ಕಂಪ್ಯೂಟರ್ ಕಡೆ ನೋಡಿದರು. “ಆಗ್ತಿತ್ತೇನೋ. ಮೊದಲಿಂದಾನೇ ಸವೆದಿದ್ದರೂ ಇರಬಹುದು. ಫಿಸಿಯೋಥೆರಪಿ ಮಾಡೋಣ, ನೋವು ಕಡಿಮೆ ಆಗ್ತೈತೆ. ಮೊದಲಿನಂಗೆ ಎತ್ತಿ ಹಿಡಿಯೋದು ಕಷ್ಟ.”

ಸರಿ ಅಂದೆ. ಥ್ಯಾಂಕ್ಸ್ ಕೂಡ ಹೇಳಿದೆ. ಹರಿಹರದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮನೆ ಮುಟ್ಟುವವರೆಗೆ ನಾನು ಯೋಚಿಸಿದ್ದು ಹಾಲಿಗೆ ಹೆಪ್ಪು ಹಾಕಿದ್ದೆನೋ ಇಲ್ಲವೋ ಅಂತ. ಅತ್ತರೆ ಹಗುರಾಗುತ್ತದೆ ಎಂದು ಯಜಮಾನರು ಹೇಳಿದರು. ಅಳು ಎಲ್ಲಿತ್ತೋ, ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಲಿಂಗವನ್ನು ಮಡಿಲಲ್ಲಿಟ್ಟುಕೊಂಡೆ. ವಾಸಿಯಾದ ಮೇಲೆ ಅಂತ ಹೇಳಿಕೊಳ್ಳಲು ಇನ್ನು ಏನೂ ಉಳಿದಿರಲಿಲ್ಲ. ನೀರು ತೋರಿಸಿ ತಿರುಗಿ ಕರಡಿಗೆಗೆ ಹಾಕಲು ಹೋದೆ. ಅತ್ತೆ ತಮ್ಮ ಪೂಜೆ ಮುಗಿಸಿ, ಕುಳಿತಲ್ಲಿಂದಲೇ ಸರಿದು ಹತ್ತಿರ ಬಂದರು. ನನ್ನ ಎಡಗೈಯ ಕೆಳಗೆ ತಮ್ಮ ಅಂಗೈ ಕೊಟ್ಟು ಮೆಲ್ಲಗೆ ಎತ್ತಿದರು. ಎದೆ ದಾಟಿತು. ಕಣ್ಣಿನ ಮಟ್ಟಕ್ಕೆ ಬಂತು.

“ಅತ್ತೆ, ನಿಮ್ಮ ಕೈ ನಡುಗ್ತೈತೆ.”

“ನಡುಗ್ಲಿ ಬಿಡು. ನೀ ನನ್ನ ನೋಡಬ್ಯಾಡ, ಲಿಂಗ ನೋಡು.”

ನೋಡಲಾಗಲಿಲ್ಲ. ಕಣ್ಣು ತುಂಬಿ ಎಲ್ಲ ಮಂಜಾಯಿತು. ಅತ್ತೆ ಕೈ ಇಳಿಸಲಿಲ್ಲ, ನನ್ನ ಅಳು ನಿಲ್ಲುವ ತನಕ ಕಾದರು.

ಈಗ ದಿನಾ ಹಾಗೇ ನಡೆದಿದೆ. ಭುಜದ ನೋವು ಕಡಿಮೆ, ಕೈ ಅಷ್ಟಕ್ಕಷ್ಟೇ. ಅತ್ತೆಗೆ ಎಂಬತ್ತು ದಾಟಿದೆ. ಮುಂದೆ ಹೇಗೆ ಎಂದು ನಾನು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಇವತ್ತಿನ ಪೂಜೆ ಆಯಿತು.