ಆರತಿ ತಟ್ಟೆಯ ಬಿಲ್ಲೆ

ಅರವತ್ತರ ದಶಕದಲ್ಲಿ ಚಿಂತಾಮಣಿಯ ಒಬ್ಬ ಲೇಡಿ ಡಾಕ್ಟರ ಬಳಿ ನಾನು ಕಾಂಪೌಂಡರಾಗಿದ್ದೆ. ಬಿಳಿ ದೊರೆಯೊಬ್ಬ ಮಾರಿಹೋಗಿದ್ದ ಅವರ ಹಳೆಯ ಕಾರು ಕಂಡರೆ ಊರಿಗೆ ನಗು. ಅದನ್ನು ಹೆಂಗಸು ಓಡಿಸುವುದು ಕಂಡರೆ ಉರಿ. ಯಾರು ಏನೆಂದರೂ ಅವರು ಸೆರಗು ಸಿಕ್ಕಿಸಿ, ಕಾರಿನ ಬಾಗಿಲು ತೆರೆದು, "ಓಡುತ್ತೆ, ಹತ್ತಿ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಸಾದಲಿಯಿಂದ ಕಷ್ಟದ ಹೆರಿಗೆಯ ಕರೆ ಬಂತು. ನೋಡಿದರೆ ಕಾರಿನಡಿ ನೀರೋ ನೀರು. ಎಂಜಿನ್ ತಣಿಸಲು ಹಾಕುತ್ತಿದ್ದ ನಮ್ಮ ಬಾವಿಯ ಉಪ್ಪುನೀರು ಕುಡಿದು ಕುಡಿದು, ಎಂಜಿನ್ನಿನ ಮಗ್ಗುಲ ತೂತು ಮುಚ್ಚುವ ಕಬ್ಬಿಣದ ಬಿಲ್ಲೆ ತುಕ್ಕು ಹಿಡಿದು ಸವೆದು ಒಡೆದಿತ್ತು.

"ಗುಜರಿಗೆ ಹಾಕ್ಬಿಡಿ ಅಮ್ಮ. ಈ ಬಿಲ್ಲೆ ಇಲ್ಲಿ ಸಿಗಲ್ಲ," ಎಂದ, ಬಂದು ನೋಡಿದ ಮೆಕ್ಯಾನಿಕ್.

"ಹಿತ್ತಾಳೇದು ಆಗುತ್ತಾ?"

"ಆಗುತ್ತೆ. ದಪ್ಪ ತಗಡು ಬೇಕು."

ಡಾಕ್ಟರು ಒಳಗೆ ಹೋಗಿ ದೇವರಮನೆಯ ಆರತಿ ತಟ್ಟೆ ತಂದರು. ಮೆಕ್ಯಾನಿಕ್ ಕೈ ಹಿಂದಕ್ಕೆಳೆದುಕೊಂಡ. "ಇದಕ್ಕೆ ನಾನು ಕತ್ತರಿ ಹಾಕಲ್ಲಮ್ಮ."

ಅವರು ಅವನ ಕತ್ತರಿ ಕಸಿದುಕೊಂಡು, ತಟ್ಟೆ ಸೀಳಿ, ದುಂಡನೆಯ ತುಂಡೊಂದನ್ನು ತಾವೇ ಕತ್ತರಿಸಿ ಕೊಟ್ಟರು. ಅವನು ಹಳೆಯದನ್ನು ಕಿತ್ತು, ತೂತಿನ ಅಂಚು ಉಜ್ಜಿ, ಹೊಸ ಬಿಲ್ಲೆಯನ್ನು ಬಡಿದು ಕೂರಿಸಿದ. ಸೋರುವುದು ನಿಂತಿತು.

ಅಷ್ಟರಲ್ಲಿ ಅವರ ಅತ್ತೆ ಬೀದಿಗೇ ಬಂದು ಸೀಳಿದ ತಟ್ಟೆ ಕೈಗೆತ್ತಿಕೊಂಡರು. "ಮನೆಹಾಳಿ! ಇನ್ನು ಯಾತರಲ್ಲೇ ಆರತಿ ಎತ್ತೋದು?"

ಡಾಕ್ಟರು ಬ್ಯಾಗನ್ನು ಹಿಂದಿನ ಸೀಟಿಗೆ ಎಸೆದರು. "ಅಲ್ಲಿ ತಾಯಿ ಮಗು ಉಳಿದ್ರೆ ತಾನೆ ಅತ್ತೆ, ಆರತಿ?"

ಆಮೇಲೆ ನನ್ನ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಹತ್ತಿ ಕೂತಿದ್ದೆ.