ಪಟಾಲಮ್ಮನ ಪೀಕದಾನಿ

ಪಟಾಲಮ್ಮನ ಮಗ ಅಶ್ವತ್ಥ್ ಕುಡಿಯುವುದಿಲ್ಲ, ಟೇಸ್ಟ್ ಮಾಡುತ್ತಾನೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ಅವನು ಹೆಂಡತಿಗೆ ಹೇಳಿದ್ದ, ಬಾಡಿಗೆಯವರಿಗೆ ಹೇಳಿದ್ದ, ಹಬ್ಬಕ್ಕೆ ಬಂದ ಭಾವಮೈದುನನಿಗೆ ಊಟದ ಎಲೆಯ ಮುಂದೆಯೇ ಹೇಳಿದ್ದ. ಕುಡಿಯುವವನು ಬಾರಿನಲ್ಲಿ ನಿಂತು ಗಂಟಲಿಗೆ ಸುರಿದುಕೊಳ್ಳುತ್ತಾನೆ. ಟೇಸ್ಟ್ ಮಾಡುವವನು ತನ್ನ ಮನೆಯಲ್ಲಿ ಕೂತು, ಕಾಲಿರುವ ಪುಟ್ಟ ಗ್ಲಾಸಿಗೆ ಒಂದು ಗುಟುಕು ಹಾಕಿಕೊಂಡು, ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ "ಒಣದ್ರಾಕ್ಷಿ... ಹಳೇ ಮರ... ಸ್ವಲ್ಪ ಜೇನು" ಅನ್ನುತ್ತಾನೆ. ಆಮೇಲೆ ಪಕ್ಕದ ಗ್ಲಾಸಿನದಕ್ಕೆ ಹೋಲಿಸುತ್ತಾನೆ. ಇದು ವಿದ್ಯೆ, ಚಟವಲ್ಲ. ಕೇಳಿದವರೆಲ್ಲ ತಲೆದೂಗಿದರು. ಪಟಾಲಮ್ಮನೂ ತಲೆದೂಗಿದಳು, ಎದೆಯೊಳಗೆ ಮಾತ್ರ ಅವಲಕ್ಕಿ ಕುಟ್ಟುತ್ತಿತ್ತು.

ಯಲಹಂಕದ ಹಳೇ ಊರಿಗೆ ಅಂಟಿಕೊಂಡಿದ್ದ ಅವರ ದ್ರಾಕ್ಷಿ ತೋಟ ಈಗ ನಾಲ್ಕು ಅಂತಸ್ತಿನ ಕಟ್ಟಡ. ಮೇಲಿನ ಅಂತಸ್ತಿನಲ್ಲಿ ಪಟಾಲಮ್ಮ, ಅಶ್ವತ್ಥ್, ಸೊಸೆ ಶಾಂತಲಾ. ಕೆಳಗೆಲ್ಲ ಬಾಡಿಗೆ. ಆ ಬಾಡಿಗೆಯವರಲ್ಲಿ ಒಬ್ಬ ನರೇಂದ್ರ, ಏರ್‌ಫೋರ್ಸಿನಿಂದ ರಿಟೈರ್ ಆದವನು. ಅವನ ಹೆಂಡತಿ ಬಿಂದುಶ್ರೀ ದೊಡ್ಡ ಹೋಟೆಲೊಂದರಲ್ಲಿ ಬಹಳ ಕಾಲ ಕೆಲಸ ಮಾಡಿದವಳು, ಯಾವ ಬಾಟಲಿಗೆ ಯಾವ ಗ್ಲಾಸು ಅಂತ ನಿದ್ದೆಗಣ್ಣಲ್ಲೂ ಹೇಳಬಲ್ಲವಳು. ಅವರಿಂದಲೇ ಈ ವಿದ್ಯೆ ಮೇಲಿನ ಅಂತಸ್ತಿಗೆ ಹತ್ತಿದ್ದು. ಮೊದಲು ತಿಂಗಳಿಗೊಂದು ಭಾನುವಾರ, ಊಟಕ್ಕೆ ಮುಂಚೆ, ನಾಲಿಗೆ ಚೊಕ್ಕಟವಾಗಿರುವ ಹೊತ್ತಿನಲ್ಲಿ. ಆಮೇಲೆ ಪ್ರತಿ ಭಾನುವಾರ. ಈಚೆಗೆ ಅಶ್ವತ್ಥ್ ವಾರದ ನಡುವೆಯೂ ಒಬ್ಬನೇ ಕೂರುತ್ತಿದ್ದ. ಕೇಳಿದರೆ, ಭಾನುವಾರ ಉಳಿದಿದ್ದನ್ನು ಇನ್ನೊಮ್ಮೆ ಹೋಲಿಸಿ ನೋಡಬೇಕು ಅನ್ನುತ್ತಿದ್ದ.

ಹಾಗೆ ನೋಡಿದರೆ ಅವನ ಅಪ್ಪ ಮುನಿಶಾಮಪ್ಪನೂ ಕುಡಿಯುತ್ತಿರಲಿಲ್ಲ. ದ್ರಾಕ್ಷಿ ಚಪ್ಪರಕ್ಕೆ ಔಷಧಿ ಹೊಡೆದ ದಿನ ಮೈಕೈ ನೋವಿಗೆ ಅಂತ ಒಂದಿಷ್ಟು ಹಾಕುತ್ತಿದ್ದ, ಅಷ್ಟೇ. ಆಮೇಲೆ ಔಷಧಿ ಹೊಡೆಯದ ದಿನವೂ ಮೈಕೈ ನೋವು ಬಂತು. ಹಣ್ಣು ಕೇಳಲು ಬಂದ ವ್ಯಾಪಾರಿಗಳಿಗೆ ಪಟಾಲಮ್ಮ "ಅವ್ರಿಗೆ ಜ್ವರ" ಅಂದಳು. ನೆಂಟರಿಗೆ "ದೊಡ್ಡಬಳ್ಳಾಪುರಕ್ಕೆ ಓಗವ್ರೆ" ಅಂದಳು. ಚಿಕ್ಕ ಹುಡುಗ ಅಶ್ವತ್ಥನಿಗೆ "ಅಪ್ಪ ಮಲ್ಗವ್ನೆ, ಗಲಾಟೆ ಮಾಡ್ಬೇಡ" ಅಂದಳು. ಊರಿಗೆಲ್ಲ ಗೊತ್ತಿದ್ದ ಗುಟ್ಟನ್ನು ಅವಳೊಬ್ಬಳೇ ಹಗಲೂ ರಾತ್ರಿ ಕಾದಳು. ಕಾದು ಏನು ಬಂತು? ಮಗನಿಗೆ ಮೀಸೆ ಮೂಡುವ ಮುಂಚೆಯೇ ಗಂಡನ ಲಿವರ್ ಹೋಯಿತು, ಹಿಂದೆಯೇ ಗಂಡನೂ ಹೋದ.

ಕುಡುಕನ ಗುರುತು ಯಾವುದು ಅಂತ ಯಾರನ್ನೇ ಕೇಳಿ, ವಾಸನೆ ಅನ್ನುತ್ತಾರೆ, ತೂರಾಟ ಅನ್ನುತ್ತಾರೆ. ಅವೆಲ್ಲ ದಾರಿಯಲ್ಲಿ ಹೋಗುವವರಿಗೆ ಕಾಣುವ ಗುರುತು. ಜೊತೆಯಲ್ಲಿ ಬಾಳಿದವಳಿಗೆ ಗೊತ್ತಿರುವ ಗುರುತೇ ಬೇರೆ. ಕುಡಿಯುವ ದಿನ ಮುನಿಶಾಮಪ್ಪನಿಗೆ ಬೆಳಗಿನಿಂದಲೇ ಎಲ್ಲರ ಮೇಲೂ ಎಲ್ಲಿಲ್ಲದ ಪ್ರೀತಿ. ಕೇಳದೆಯೇ ಸೌದೆ ಒಡೆದು ಕೊಡುತ್ತಿದ್ದ, ಹಸುವಿನ ಮೈ ತೊಳೆಯುತ್ತಿದ್ದ, ಹೆಂಡತಿಯನ್ನು "ಪಟ್ಟಮ್ಮ" ಅಂತ ಕರೆಯುತ್ತಿದ್ದ. ಸಂಜೆಗೆ ಬೇಕಾದ ರಜೆಯನ್ನು ಅವನು ಬೆಳಿಗ್ಗೆಯೇ ದುಡಿದಿಟ್ಟುಕೊಳ್ಳುತ್ತಿದ್ದ.

ಆ ಭಾನುವಾರ ಅಶ್ವತ್ಥ್ ಏಳು ಗಂಟೆಗೇ ಎದ್ದು ಅವ್ವನಿಗೆ ಚಿಗುರು ವೀಳ್ಯದೆಲೆ ತಂದಿದ್ದ. ಶಾಂತಲಾಗೆ ಮೊಳ ಮಲ್ಲಿಗೆ ತಂದಿದ್ದ. ಫ್ಯಾನಿನ ರೆಕ್ಕೆ ಒರೆಸಿದ. "ಅವ್ವ, ಮಂಡಿ ನೋವು ಹೆಂಗಿದೆ, ಎಣ್ಣೆ ಹಚ್ಚಿಕೊಡ್ಲಾ?" ಅಂತ ಕಾಲ ಹತ್ತಿರ ಬಂದು ಕೂತ. ಮಗ ಕಾಲು ಮುಟ್ಟಿದರೆ ಯಾವ ತಾಯಿಗೂ ಹಿಗ್ಗಾಗಬೇಕು. ಪಟಾಲಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಅಶ್ವತ್ಥ, ನಿಜ ಏಳು. ಇವತ್ತೂ ಕುಡೀತೀಯಾ?"

"ಅಯ್ಯೋ, ಎಷ್ಟ್ ಸಲ ಹೇಳ್ಬೇಕವ್ವ ನಿಂಗೆ? ಅದು ಕುಡಿಯೋದಲ್ಲ. ಬಾಯಲ್ಲಿ ಹಾಕ್ಕೊಂಡು, ಆ ಕಡೆ ಈ ಕಡೆ ಆಡಿಸಿ, ರುಚಿ ತಿಳ್ಕೊಂಡು ಉಗಿದ್ಬಿಡೋದು. ಫಾರಿನ್ನಲ್ಲೆಲ್ಲ ಇದನ್ನೇ ಕೆಲಸ ಮಾಡ್ಕೊಂಡೋರು ಇದಾರೆ. ಒಂದು ತೊಟ್ಟೂ ಒಳಗೆ ಹೋಗಲ್ಲ."

"ನೀನೂ ಉಗೀತೀಯಾ?"

"ಹೂಂ ಮತ್ತೆ. ಎಲ್ರೂ ಉಗಿಯೋದೇ."

ಅವಳಿಗೆ ನಂಬಬೇಕು ಅನ್ನಿಸಿತು. ಆದರೆ ಭಾನುವಾರಗಳ ಗ್ಲಾಸು ತೊಳೆಯುವುದು ಶಾಂತಲಾ, ಒರೆಸಿಡುವುದು ಪಟಾಲಮ್ಮ. ಇಷ್ಟು ಭಾನುವಾರಗಳಲ್ಲಿ ಗ್ಲಾಸು ಒರೆಸಿದ್ದಳು, ತಟ್ಟೆ ಒರೆಸಿದ್ದಳು, ಉಗಿದ ಪಾತ್ರೆ ಅಂತ ಒಂದನ್ನೂ ಕಂಡಿರಲಿಲ್ಲ. ಅಡುಗೆಮನೆಗೆ ಹೋಗಿ ಸೊಸೆಯನ್ನು ಕೇಳಿದಳು.

"ಅದೆಲ್ಲ ನಾನ್ ನೋಡಿಲ್ಲ ಅತ್ತೆ," ಅಂದಳು ಶಾಂತಲಾ, ಒಲೆಯಿಂದ ಮುಖ ತಿರುಗಿಸದೆ. "ಹೊರಗೆಲ್ಲೂ ಹೋಗಿ ಬೀಳಲ್ಲ, ಜಗಳ ಮಾಡಲ್ಲ. ಮನೇಲೇ ಇರ್ತಾರಲ್ಲ, ಅಷ್ಟು ಸಾಕು ನಂಗೆ."

ಇದೇ ಮಾತನ್ನು ತಾನೂ ಒಂದು ಕಾಲದಲ್ಲಿ ಆಡಿದ್ದು ಪಟಾಲಮ್ಮನಿಗೆ ನೆನಪಾಯಿತು. ತನ್ನ ಕೋಣೆಗೆ ಹೋಗಿ, ಎಲೆಅಡಿಕೆ ಉಗಿಯಲು ಮಂಚದ ಕೆಳಗೆ ಇಟ್ಟುಕೊಂಡಿದ್ದ ಹಿತ್ತಾಳೆ ಪೀಕದಾನಿ ತಂದಳು. ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದಳು. ಎಲೆಅಡಿಕೆಯ ಕೆಂಪೆಲ್ಲ ಹೋಗಿ ಅದು ಹೊಸದರಂತೆ ಹೊಳೆಯಿತು.

ಹನ್ನೊಂದು ಗಂಟೆಗೆ ನರೇಂದ್ರ, ಬಿಂದುಶ್ರೀ ಮೇಲೆ ಬಂದರು. ಟೀಪಾಯಿಯ ಮೇಲೆ ಹೆಸರು ಕಾಣದಂತೆ ಪೇಪರು ಸುತ್ತಿದ ನಾಲ್ಕು ಬಾಟಲಿಗಳು. ಎರಡರಲ್ಲಿ ಶೆರಿ, ಎರಡರಲ್ಲಿ ವಿಸ್ಕಿ. ಶೆರಿ ಅಂದರೆ ದ್ರಾಕ್ಷಿಯ ವೈನು, ಸ್ಪೇನ್ ಕಡೆಯಿಂದ ಬರುವುದು. ಅದು ಕೂತೆದ್ದ ಮರದ ಪೀಪಾಯಿಗೆ ಆಮೇಲೆ ವಿಸ್ಕಿ ತುಂಬಿಸಿಡುತ್ತಾರಂತೆ, ಮರದಲ್ಲಿ ಇಂಗಿದ್ದ ದ್ರಾಕ್ಷಿಯ ರುಚಿ ವಿಸ್ಕಿಗೆ ಇಳಿಯುತ್ತದಂತೆ. ಯಾವ ವಿಸ್ಕಿ ಅಂಥ ಪೀಪಾಯಿಯಲ್ಲಿ ಮಲಗೆದ್ದು ಬಂದದ್ದು ಅಂತ ಹೇಳುವುದೇ ಇವತ್ತಿನ ಆಟ. ಇಷ್ಟನ್ನು ಬಿಂದುಶ್ರೀ ವಿವರಿಸುತ್ತಿದ್ದಾಗ ಪಟಾಲಮ್ಮ ಬಂದು ಪೀಕದಾನಿಯನ್ನು ಬಾಟಲಿಗಳ ನಡುವೆ ಇಟ್ಟು, ಮಗನ ಎದುರಿನ ಕುರ್ಚಿಯಲ್ಲಿ ಕೂತಳು.

"ಉಗಿಯಾಕೆ," ಅಂದಳು.

ಅಶ್ವತ್ಥನ ಮುಖ ಹುಳ್ಳಗಾಯಿತು. ಬಿಂದುಶ್ರೀ ಮಾತ್ರ ಚಪ್ಪಾಳೆ ತಟ್ಟಿದಳು. "ಸೂಪರ್ ಅಮ್ಮ! ನಮ್ಮ ಹೋಟೆಲ್ಲಲ್ಲಿ ಇಂಥದ್ದೇ ಇರ್ತಿತ್ತು. ನಾನೇ ಎಷ್ಟ್ ಸಲ ಹೇಳಿದೀನಿ ಇವ್ರಿಬ್ರಿಗೂ, ಉಗಿದ್ರೇನೇ ಕೊನೇ ಗ್ಲಾಸಿನ ರುಚಿ ಸರಿಯಾಗಿ ತಿಳಿಯೋದು ಅಂತ. ಯಾರ್ ಕೇಳ್ತಾರೆ?"

ಯಾರ್ ಕೇಳ್ತಾರೆ. ಪಟಾಲಮ್ಮ ಮಗನನ್ನು ನೋಡಿದಳು. ಅವನು ಬಾಟಲಿಯ ಪೇಪರು ಸರಿಮಾಡುತ್ತಿದ್ದ.

ಮೊದಲು ತಿಳಿ ಬಣ್ಣದ ಶೆರಿ. ಬಿಂದುಶ್ರೀ ಒಂದು ಗ್ಲಾಸನ್ನು ಪಟಾಲಮ್ಮನ ಮೂಗಿಗೂ ಹಿಡಿದಳು. ಮಾಗಿ ಉದುರಿ ಚಪ್ಪರದ ಕೆಳಗೆ ಹುಳಿಯುತ್ತಿದ್ದ ದ್ರಾಕ್ಷಿಯ ವಾಸನೆ. ಬುಟ್ಟಿ ಹೊತ್ತು ಅದೇ ವಾಸನೆಯಲ್ಲಿ ಓಡಾಡಿದ್ದ ವರ್ಷಗಳೆಲ್ಲ ಒಟ್ಟಿಗೆ ಎದ್ದುಬಂದವು, ಅವಳು ಮುಖ ತಿರುಗಿಸಿಕೊಂಡಳು. ಬಿಂದುಶ್ರೀ ಒಂದು ಗುಟುಕು ತೆಗೆದುಕೊಂಡು, ಕೆನ್ನೆಯೊಳಗೆ ಆಡಿಸಿ, ಬಗ್ಗಿ ಒಂದೇ ಎಳೆಯಾಗಿ ಪೀಕದಾನಿಗೆ ಬಿಟ್ಟಳು. ನರೇಂದ್ರ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು ನಕ್ಕ. ಆಮೇಲೆ ಅಶ್ವತ್ಥ್. ಅವನೂ ಬಾಯಲ್ಲಿ ಆಡಿಸಿದ, ಪೀಕದಾನಿ ಎತ್ತಿದ, ಬಗ್ಗಿದ, ಉಗಿದ.

ಉಗಿದದ್ದು ಬರೀ ಎಂಜಲು. ಮದುವೆಯಾದಾಗಿನಿಂದ ಎಲೆಅಡಿಕೆ ಹಾಕಿ ಉಗಿಯುತ್ತ ಬಂದವಳಿಗೆ ತುಂಬಿದ ಬಾಯಿಯ ಸದ್ದು ಯಾವುದು, ಬರಿಬಾಯಿಯ ಸದ್ದು ಯಾವುದು ಅಂತ ಗೊತ್ತಾಗದೆ ಇರುತ್ತದೆಯೇ? ಬಗ್ಗುವ ಮುಂಚೆಯೇ ಅವನ ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬಂದಿತ್ತು.

"ಸರಿಯಾಗಿ ಉಗಿಯೋ," ಅಂದಳು ಮೆಲ್ಲಗೆ.

"ಉಗಿದ್ನಲ್ಲವ್ವ."

ಎರಡನೆಯದು ಕಪ್ಪಗಿದ್ದ ಶೆರಿ. ಪಟಾಲಮ್ಮ ಬೇರೆ ಏನನ್ನೂ ನೋಡಲಿಲ್ಲ, ಮಗನ ಗಂಟಲನ್ನೇ ನೋಡಿದಳು. ಈ ಸಲ ಅವನು ಅವ್ವನ ಕಣ್ಣಿಗೆ ಬೀಳದ ಹಾಗೆ ಕಿಟಕಿಯ ಕಡೆ ತಿರುಗಿ, ಬಣ್ಣ ನೋಡುವ ನೆಪದಲ್ಲಿ ಗ್ಲಾಸು ಎತ್ತಿ ಹಿಡಿದ. ತಿರುಗಿ ಬಂದಾಗ ಬಾಯಿ ಖಾಲಿ. "ಇದು ಭರ್ಜರಿಯಾಗಿದೆ ಗುರು," ಅಂದ ನರೇಂದ್ರನಿಗೆ. ಪೀಕದಾನಿಯ ಕಡೆ ಕೈಯೇ ಹೋಗಲಿಲ್ಲ.

"ಅಶ್ವತ್ಥ, ಉಗೀಲಿಲ್ಲ ನೀನು."

ಮಾತು ದೊಡ್ಡದಾಗಿರಲಿಲ್ಲ. ಆದರೂ ನರೇಂದ್ರನ ನಗು ನಿಂತಿತು. ಬಾಗಿಲಲ್ಲಿ ಗೋಡಂಬಿಯ ತಟ್ಟೆ ಹಿಡಿದು ಬಂದಿದ್ದ ಶಾಂತಲಾ ಅಲ್ಲೇ ನಿಂತಳು.

"ಮರೆತೆ ಕಣವ್ವ. ಏನೀಗ? ಮುಂದಿನದು ಉಗೀತೀನಿ, ಎಲ್ರೂ ನೋಡಿ ಬೇಕಾದ್ರೆ," ಅಂದ ಅಶ್ವತ್ಥ್, ನಗುತ್ತಲೇ. ವಿಸ್ಕಿ ಸುರಿದುಕೊಂಡ. ಬಾಯಿಗೆ ಹಾಕಿಕೊಂಡ.

ಎಲ್ಲರೂ ನೋಡಿದರು. ಕೆನ್ನೆ ಆ ಕಡೆ ಒಮ್ಮೆ ಉಬ್ಬಿತು, ಈ ಕಡೆ ಒಮ್ಮೆ ಉಬ್ಬಿತು. ಪೀಕದಾನಿಯನ್ನು ಎರಡೂ ಕೈಯಲ್ಲಿ ಹಿಡಿದು ತುಟಿಯ ಹತ್ತಿರಕ್ಕೆ ತಂದ. ಹಾಗೇ ನಿಂತ. ಮೂಗಿನ ಮೇಲೆ ಬೆವರು ಮೂಡಿತು. ಉಗಿ ಮಗ, ಉಗಿದುಬಿಡು, ನನ್ನಪ್ಪ, ನಿಂಗೆ ಕೈ ಮುಗೀತೀನಿ ಅಂತ ಪಟಾಲಮ್ಮ ಮನಸ್ಸಿನಲ್ಲೇ ಬೇಡಿಕೊಂಡಳು. ಮನೆದೇವರನ್ನು ಕರೆದಳು. ತನಗೇ ಗೊತ್ತಿಲ್ಲದೆ ತನ್ನ ತುಟಿಯನ್ನೂ ಮುಂದೆ ಮಾಡಿದ್ದಳು, ಮಗುವಿಗೆ ಔಷಧಿ ಕುಡಿಸುವಾಗ ತಾಯಿಯ ಬಾಯಿಯೂ ತೆರೆದುಕೊಳ್ಳುವ ಹಾಗೆ.

ಅಶ್ವತ್ಥ್ ನುಂಗಿದ. ಆ ಸದ್ದು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು.

"ಅಯ್ಯೋ, ಒಳ್ಳೇ ವಿಸ್ಕಿ ಉಗಿಯೋಕೆ ಯಾರಿಗೆ ಮನಸ್ಸು ಬರುತ್ತೆ ಬಿಡಿ," ಅಂದಳು ಬಿಂದುಶ್ರೀ. ಅವಳ ದನಿಯಲ್ಲಿ ಮೊದಲಿನ ಹುರುಪು ಇರಲಿಲ್ಲ. ಇನ್ನೊಂದು ಬಾಟಲಿಯನ್ನು ಯಾರೂ ಮುಟ್ಟಲಿಲ್ಲ. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಅಂತ ಅವಳು ಎದ್ದಳು, ನರೇಂದ್ರ ಹಿಂದೆಯೇ ಹೋದ. ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಶಾಂತಲಾ ಗೋಡಂಬಿ ತಟ್ಟೆ ಹಿಡಿದುಕೊಂಡು ಒಳಕ್ಕೆ ಹೋಗಿಬಿಟ್ಟಳು.

ಆಗ ಅಶ್ವತ್ಥ್ ಸಿಡಿದ.

"ಆಯ್ತಾ? ಸಮಾಧಾನ ಆಯ್ತಾ ನಿಂಗೆ? ಬಾಡಿಗೆಯವ್ರ ಮುಂದೆ ಮಾನ ಕಳೆದ್ಯಲ್ಲವ್ವ! ನಾನೇನು ಚಿಕ್ಕ ಮಗೂನಾ? ಬೇಕು ಅಂತಲೇ ನುಂಗ್ದೆ. ನೀನು ಹಂಗೆ ದುರುಗುಟ್ಕೊಂಡು ಕೂತಿದ್ದಕ್ಕೇ ನುಂಗ್ದೆ. ನಂಗೆ ಇಷ್ಟ ಬಂದ್ರೆ ಉಗೀತೀನಿ, ಇಷ್ಟ ಬಂದ್ರೆ ನುಂಗ್ತೀನಿ."

ಪಟಾಲಮ್ಮನಿಗೆ ಸಿಟ್ಟು ಬರಲಿಲ್ಲ. ಒಂದು ಗಳಿಗೆ ಆಸೆಯೇ ಬಂತು. ನಿಜವಿರಬಹುದು. ಹಟಮಾರಿ, ಚಿಕ್ಕಂದಿನಿಂದಲೂ ಹಾಗೆಯೇ. ತನ್ನ ಮೇಲಿನ ಹಟಕ್ಕೇ ನುಂಗಿರಬಹುದು. ಹಟವಾದರೆ ಪರವಾಗಿಲ್ಲ. ಹಟಕ್ಕೆ ಮದ್ದಿದೆ.

ಅವಳು ಯಾರೂ ಮುಟ್ಟದೆ ಉಳಿದಿದ್ದ ಬಾಟಲಿಯನ್ನು ತೆಗೆದುಕೊಂಡಳು. ಗಂಡ ಬೈದರೂ ಹೊಡೆದರೂ ಅವಳು ಒಂದು ದಿನಕ್ಕೂ ಅವನಿಗೆ ಹಾಕಿಕೊಟ್ಟವಳಲ್ಲ. ಈಗ ತನ್ನ ಕೈಯಾರೆ ಮಗನ ಗ್ಲಾಸಿಗೆ ಒಂದು ಗುಟುಕು ಸುರಿದಳು. ಟೀಪಾಯಿಯ ಮೇಲೂ ಒಂದಿಷ್ಟು ಚೆಲ್ಲಿತು. ಗ್ಲಾಸನ್ನು ಅವನ ಮುಂದೆ ತಳ್ಳಿದಳು.

"ಈಗ ಯಾರೂ ಇಲ್ಲ. ನಾನೂ ನೋಡಾಕಿಲ್ಲ. ಒಂದೇ ಒಂದು ಸಲ ಉಗಿ ಮಗ. ಇನ್ಯಾವತ್ತೂ ಕೇಳಾಕಿಲ್ಲ ನಿನ್ನ."

"ಇಷ್ಟೇ ತಾನೇ?" ಅಂದ ಅಶ್ವತ್ಥ್. ಗ್ಲಾಸು ಎತ್ತಿ ಬಾಯಿಗೆ ಹಾಕಿಕೊಂಡ.

ಪಟಾಲಮ್ಮ ಕೊಟ್ಟ ಮಾತಿನಂತೆ ಗೋಡೆಯ ಕಡೆ ತಿರುಗಿದಳು. ಪೀಕದಾನಿ ಎತ್ತಿದ್ದು ಕೇಳಿಸಿತು, ಅದರ ಅಂಚು ಅವನ ಉಂಗುರಕ್ಕೆ ತಾಗಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಬಂದ, ಕೂಗುತ್ತ ಹೋದ. ಮಗ ಮೂಗಿನಿಂದ ಜೋರಾಗಿ ಉಸಿರಾಡುತ್ತಿದ್ದ. ಅವಳು ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡಳು, ಬಿಚ್ಚಿದಳು, ಮತ್ತೆ ಸುತ್ತಿಕೊಂಡಳು.

ಗುಟುಕ್ ಅಂತ ಸದ್ದಾಯಿತು.

ಅವಳು ತಿರುಗಿದಳು. ಅಶ್ವತ್ಥ್ ಪೀಕದಾನಿಯನ್ನು ಇನ್ನೂ ಹಿಡಿದೇ ಇದ್ದ. ಸಿಟ್ಟಿನ ಗಂಡಸು ಎಲ್ಲಿಗೋ ಹೋಗಿ, ಸಂತೆಯಲ್ಲಿ ಕೈತಪ್ಪಿದ ಹುಡುಗನ ಮುಖ ಮಾಡಿಕೊಂಡು ಅವ್ವನನ್ನು ನೋಡುತ್ತಿದ್ದ.

"ಅವ್ವ," ಅಂದ. "ಉಗಿಯೋಣ ಅಂತಲೇ ಇದ್ದೆ ಕಣವ್ವ. ಈ ಸಲ ನಿಜವಾಗ್ಲೂ ಉಗಿಯೋಣ ಅಂತಲೇ ಇದ್ದೆ."

ಪಟಾಲಮ್ಮ ಹತ್ತಿರ ಹೋಗಿ ಅವನ ಕೈಯಿಂದ ಪೀಕದಾನಿ ಬಿಡಿಸಿ ಕೆಳಗಿಟ್ಟಳು. ಅವನನ್ನು ಸೋಫಾದಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಶಾಂತಲಾ," ಅಂತ ಕರೆದಳು. "ಬಾರಮ್ಮ ಇಲ್ಲಿ. ಇವನು ಏನೋ ಏಳ್ತಾವ್ನೆ, ನೀನೂ ಕೇಳು."

"ಬೇಡ ಅವ್ವ. ಅವಳಿಗೆ ಬೇಡ. ನಾನೇ ಬಿಟ್ಬಿಡ್ತೀನಿ, ಯಾರಿಗೂ ಗೊತ್ತಾಗೋದು ಬೇಡ."

ಅವನು ಕೈ ಬಿಡಿಸಿಕೊಳ್ಳಲು ನೋಡಿದ. ಪಟಾಲಮ್ಮ ಬಿಡಲಿಲ್ಲ.

"ಶಾಂತಲಾ!" ಅಂತ ಇನ್ನೊಮ್ಮೆ ಕೂಗಿದಳು, ಕೆಳಗಿನ ಅಂತಸ್ತಿಗೂ ಕೇಳಿಸುವ ಹಾಗೆ.