ಕುರುಗೋಡು ಗುಡ್ಡಕ್ಕೆ ಒಯ್ದ ಖಾರ

ಸೇಡಿನ ವಿಷಯದಲ್ಲಿ ನಾನು ಒಳ್ಳೆಯವನಲ್ಲ. ಈಗ ಮೊಮ್ಮಕ್ಕಳಿದ್ದಾರೆ, ಮೊಣಕಾಲು ನೋಯುತ್ತವೆ. ಆದರೂ ಆ ದಿನ ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ.

ಎಪ್ಪತ್ತರ ದಶಕ. ಬಳ್ಳಾರಿಯ ಕಾಲೇಜಿನಲ್ಲಿ ನಾವು ನಾಲ್ವರು ಗೆಳೆಯರು. ಇಬ್ಬರು ಬಳ್ಳಾರಿಯವರೇ, ನಾನೂ ಇನ್ನೊಬ್ಬನೂ ಸಿರುಗುಪ್ಪದವರು. ದಸರಾ ರಜೆಯಲ್ಲಿ ಎಲ್ಲರೂ ಸೈಕಲ್ ಮೇಲೆ ಹೋಗಿ ಕುರುಗೋಡಿನ ಗುಡ್ಡದಲ್ಲಿ ಮೂರು ದಿನ ಬಿಡಾರ ಹೂಡುವುದೆಂದು ಮಾತಾಗಿತ್ತು. ರಜೆಗೆ ಊರಿಗೆ ಬಂದ ಮೇಲೆ ನಮ್ಮೂರಿನವನು ಮನೆಗೆ ಬಂದು, "ಈ ಸಲ ರದ್ದಾತಲೇ" ಎಂದು ಹೇಳಿ ಹೋದ. ನಂಬಿದೆ.

ಎರಡು ದಿನ ಬಿಟ್ಟು ಗಿರಣಿಯಲ್ಲಿ ಅವನ ತಾಯಿ ಸಿಕ್ಕರು. ಅವರು ಜೋಳ ಬೀಸಿಸಲು ಬಂದಿದ್ದರು, ನಾನು ಗುಂಟೂರು ಮೆಣಸಿನಕಾಯಿ ಕುಟ್ಟಿಸಲು.

"ನೀ ಯಾಕ ಹೋಗಲಿಲ್ಲಪಾ? ಅವ ನಿನ್ನೆನ ಕುರುಗೋಡಿಗೆ ಹೋದ."

"ರದ್ದಾಗೇತಿ ಅಂದಿದ್ದನಲ್ರೀ."

ಸುಳ್ಳು ಗೊತ್ತಿಲ್ಲದ ಹೆಂಗಸು. "ಏರು ಬಂದ್ರ ಇಳಿದು ತಳ್ಳಾಂವ, ಅವನ್ನ ಕಟಗೊಂಡ್ರ ನಾವು ಊರು ಮುಟ್ಟಿದಂಗ ಅಂತ ನಗಾಡಿಕೋಂತ ಹೋದ" ಎಂದರು.

ಖಾರದ ಘಾಟಿಗೆ ಗಿರಣಿಯಲ್ಲಿ ಎಲ್ಲರ ಕಣ್ಣಲ್ಲೂ ನೀರಿತ್ತು. ನಾನು ಅಳುತ್ತಿದ್ದೇನೆಂದು ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ನಸುಕಿಗೇ ಅಪ್ಪನ ಭಾರದ ಸೈಕಲ್ ಹತ್ತಿದೆ. ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ, ಮತ್ತು ಕಾಗದದಲ್ಲಿ ಕಟ್ಟಿದ ಎರಡು ಹಿಡಿ ಖಾರದಪುಡಿ. ತೆಕ್ಕಲಕೋಟೆಯವರೆಗೆ ಭತ್ತದ ಗದ್ದೆ, ತಂಪು ಗಾಳಿ. ಆಮೇಲೆ ಬಂಡೆಗುಡ್ಡಗಳು ಶುರುವಾದವು. ಒಂದೊಂದು ಏರಿಗೂ ಒಬ್ಬೊಬ್ಬನ ಹೆಸರು ಹಿಡಿದು ಬೈಯುತ್ತ ತುಳಿದೆ. ಎದುರು ಬಂದ ಬಂಡಿಯವನು, "ಇಳಿದು ತಳ್ಳಲೇ, ಎದಿ ಒಡಕೊಂಡೀಯ" ಎಂದ. ಅವನನ್ನೂ ಬೈದೆ. ಒಂದು ಕಡೆ ಚೈನು ಬಿದ್ದಾಗ ಇಳಿದೆ, ಅದು ಲೆಕ್ಕಕ್ಕಿಲ್ಲ.

ಗುಡ್ಡದ ಬಂಡಿದಾರಿ ಮುಗಿಯುವಲ್ಲಿ ಚಪ್ಪಟೆ ಬಂಡೆ, ಚಾದರ ಕಟ್ಟಿದ ನೆರಳು, ಮೂರು ಸೈಕಲ್ಲು. ಮೂವರೂ ಇನ್ನೂ ಮೇಲೆ ಹತ್ತಿದ್ದರು. ಅವರ ನಗು ಕೇಳಿಸುತ್ತಿತ್ತು. ಒಲೆಯ ಮೇಲೆ ಬದನೆಕಾಯಿ ಸಾರು ಕುದಿಯುತ್ತಿತ್ತು. ಪೊಟ್ಟಣ ಬಿಚ್ಚಿ ಪೂರ್ತಿ ಸುರಿದು ಸೌಟಿನಿಂದ ತಿರುವಿದೆ.

ಇಳಿದು ಬಂದವರ ಮುಖ ಸಪ್ಪಗಾಯಿತು. "ನೀ ಹೆಂಗ ಬಂದಿ?"

"ತುಳಕೊಂಡು."

ತಪ್ಪು ಮಾಡಿದವರ ಉಪಚಾರ ಕೇಳಬೇಕೆ? ದಣಿದು ಬಂದವನು ಮೊದಲು ಉಣ್ಣಲೆಂದು ನನಗೇ ತಾಟಿನ ತುಂಬ ಅನ್ನ ಸಾರು ಬಡಿಸಿದರು. ಇದನ್ನು ನಾನು ಎಣಿಸಿರಲಿಲ್ಲ.

ನಮ್ಮದು ಲಿಂಗ ಕಟ್ಟಿದ ಮನೆ. ತಾಟಿನಲ್ಲಿ ಒಂದು ಅಗುಳೂ ಬಿಡುವಂತಿಲ್ಲ. ಕಡೆಗೆ ತಾಟು ತೊಳೆದು ಆ ನೀರನ್ನೂ ಕುಡಿಯಬೇಕು. ಅದು ಅವರಿಗೂ ಗೊತ್ತು, ಬಿಟ್ಟರೆ ಸಿಕ್ಕಿಬೀಳುತ್ತೇನೆ. ಮೊದಲ ತುತ್ತಿಗೇ ಕಿವಿಗೆ ಬೆಂಕಿ ಹತ್ತಿತು. ಬೆವರಿಗೆ ಸೈಕಲ್ಲಿನ ನೆಪವಿತ್ತು.

"ಹೆಂಗೈತಿ?"

"ಚಲೋ ಆಗೇತಿ" ಎಂದೆ. ಎಲ್ಲ ಉಂಡು, ತಾಟು ತೊಳೆದು ಕುಡಿದೆ. ಉರಿ ಆರಲಿಲ್ಲ. ಕೊಡದ ತಳದಲ್ಲಿದ್ದ ನೀರನ್ನೂ ಎತ್ತಿ ಕುಡಿದುಬಿಟ್ಟೆ.

ನಾನು ಉಂಡಿದ್ದನ್ನು ನೋಡಿದ ಧೈರ್ಯಕ್ಕೆ ಮೂವರೂ ದೊಡ್ಡ ದೊಡ್ಡ ತುತ್ತನ್ನೇ ಬಾಯಿಗಿಟ್ಟರು. ಒಬ್ಬ ನಾಲಿಗೆ ಚಾಚಿ ಗಾಳಿ ಹಾಕಿಕೊಂಡ. ಇನ್ನೊಬ್ಬ ಕಣ್ಣುಜ್ಜಿಕೊಂಡು ಮತ್ತಷ್ಟು ಉರಿಸಿಕೊಂಡ. ನಮ್ಮೂರಿನವನು ಕೊಡ ಬೋರಲು ಹಾಕಿದ, ಹನಿ ನೀರಿಲ್ಲ. ಬಾವಿ ಇದ್ದದ್ದು ಗುಡ್ಡದ ಕೆಳಗೆ.

"ಲೇ, ಕಣ್ಣ ಕಾಣವಲ್ವು. ನಿನ್ನ ಕಾಲಿಗೆ ಬೀಳ್ತೀನಿ, ಲಗೂನ ಹೋಗಿ ನೀರು ತಾ" ಎಂದ.

ಕೊಡವನ್ನು ಸಾವಕಾಶವಾಗಿ ಕ್ಯಾರಿಯರಿಗೆ ಕಟ್ಟಿಕೊಂಡೆ.

"ಹೋಗಾಕ ಹೋಗ್ತೀನಿ. ಬರಾಗ ಏರು ಐತಿ. ನಾ ಇಳಿದು ತಳ್ಳಾಂವ, ತಡಾ ಆಕ್ಕತಿ" ಎಂದೆ.

ಬರುವಾಗ ತಳ್ಳಿಕೊಂಡೇ ಬಂದೆ. ನಡುದಾರಿಯಲ್ಲಿ ಬೇವಿನ ಮರದ ಕೆಳಗೆ ಕೂತು, ಚಟ್ನಿ ಬಿಟ್ಟು, ಎರಡೂ ರೊಟ್ಟಿ ತಿಂದೆ.